ಬೀಗರೊಂದಿಗಿನ ಊಟಕ್ಕೆ ಹೋಟೆಲ್ ಹುಡುಕಿದ್ದು

ತಮ್ಮನ ನಿಶ್ಚಿತಾರ್ಥದ ಮರುವಾರ ಎರಡೂ ಮನೆಯವರು ಬೆಂಗಳೂರಿನಲ್ಲಿ ಒಟ್ಟಿಗೆ ಊಟ ಮಾಡುವುದೆಂದು ತೀರ್ಮಾನವಾದಾಗ, ಹೋಟೆಲ್ ಗೊತ್ತುಮಾಡುವ ಹೊಣೆ ನನ್ನ ಪಾಲಿಗೆ ಬಂತು. ಮುಸ್ಲಿಂ ಹೋಟೆಲುಗಳು ಹೆಚ್ಚಿರುವ ಫ್ರೇಜರ್ ಟೌನಿನಲ್ಲೋ ಶಿವಾಜಿನಗರದಲ್ಲೋ ಆಗಿದ್ದರೆ ಹಲಾಲ್ ವಿಚಾರಣೆಗೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಆದರೆ ಬೀಗರು ಇಳಿದುಕೊಂಡಿದ್ದುದು ವೈಟ್‌ಫೀಲ್ಡಿನಲ್ಲಿ.

ಹಿಂದೊಮ್ಮೆ ಒಂದು ಹೋಟೆಲಿನಲ್ಲಿ "ಹಲಾಲ್ ತಾನೇ?" ಎಂದು ಕೇಳಿದಾಗ ಬಡಿಸುವ ಹುಡುಗ ತಕ್ಷಣ ಹೌದೆಂದಿದ್ದ. ಕೋಳಿ ಹಲಾಲ್ ಆಗಿದ್ದರೂ ಅದನ್ನು ಕರಿದ ಎಣ್ಣೆಯಲ್ಲೇ ಹಂದಿಮಾಂಸದ ಸಾಸೇಜನ್ನೂ ಕರಿಯುತ್ತಾರೆಂಬುದು ಅರ್ಧ ಊಟವಾದ ಮೇಲೆ ತಿಳಿಯಿತು. ಉಮ್ಮ ಏನೂ ಹೇಳದೆ ಎದ್ದು ಕೈ ತೊಳೆದುಕೊಂಡರು. ಆ ದಿನ ನನಗಾದ ಸಂಕಟ ಇನ್ನೂ ಮರೆತಿಲ್ಲ.

ಆದ್ದರಿಂದ ಈ ಸಲ ಮಧ್ಯಾಹ್ನದ ಗದ್ದಲ ತಗ್ಗಿದ ಮೇಲೆ, ನಾಲ್ಕು ಗಂಟೆಯ ಹೊತ್ತಿಗೆ ಫೋನ್ ಮಾಡಿ, ಕೋಳಿಯೂ ಕುರಿಮಾಂಸವೂ ಎಲ್ಲಿಂದ ಬರುತ್ತವೆ, ಹಂದಿಮಾಂಸದ ಅಡುಗೆಯಿದ್ದರೆ ಅದಕ್ಕೆ ಬಾಣಲೆ, ತವೆ, ಚಾಕುಗಳು ಬೇರೆ ಇವೆಯೇ, ಸಾಸಿಗೆ ವೈನ್ ಅಥವಾ ಸಿಹಿತಿನಿಸಿಗೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಜೆಲಟಿನ್ ಸೇರುತ್ತದೆಯೇ ಎಂದು ಮ್ಯಾನೇಜರರನ್ನು ಒಂದೊಂದಾಗಿ ಕೇಳಿದೆ. ಪ್ರಮಾಣಪತ್ರ ಇದೆ ಎಂದರು. ಸಿಂಗಾಪುರದಲ್ಲಿ ಶಾಸನಬದ್ಧ ಇಸ್ಲಾಮೀ ಧಾರ್ಮಿಕ ಮಂಡಳಿಯಾದ ಮುಯಿಸ್ 1978ರಿಂದ ಹಲಾಲ್ ಪ್ರಮಾಣಪತ್ರ ನೀಡುತ್ತಿದೆ. ನಮ್ಮಲ್ಲಿ ಹೋಟೆಲುಗಳಿಗೆ ಅದನ್ನು ಕೊಡುವವರು ಖಾಸಗಿ ಸಂಸ್ಥೆಗಳು. ಹಾಗಾಗಿ ಯಾರು ಕೊಟ್ಟದ್ದು, ಯಾವ ಶಾಖೆಗೆ, ಎಲ್ಲಿಯವರೆಗೆ ಎಂದು ನೋಡದೆ ನಾನು ಒಪ್ಪುವುದಿಲ್ಲ. ಅವರು ಕಳುಹಿಸಿದ ಫೋಟೊದಲ್ಲಿದ್ದದ್ದು ಮಾಂಸ ಪೂರೈಸುವ ಕಂಪನಿಯ ಪತ್ರ. ಅಡುಗೆಮನೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅದನ್ನು ಹೇಳಿದಾಗ ಅವರು ಬೇಸರಿಸದೆ ಮುಖ್ಯ ಅಡುಗೆಯವರಿಗೇ ಫೋನ್ ಕೊಟ್ಟರು. ಹಂದಿಮಾಂಸ ತಮ್ಮಲ್ಲಿ ಇಲ್ಲವೆಂದೂ, ಆದರೆ ಅಣಬೆಯ ಒಂದು ಸಾಸಿಗೆ ವೈನ್ ಹಾಕುತ್ತೇವೆಂದೂ, ಪುಡಿಂಗಿನ ಜೆಲಟಿನ್ ಯಾವುದರದ್ದೆಂದು ತಮಗೆ ಖಾತ್ರಿಯಿಲ್ಲವೆಂದೂ ಅವರು ಸ್ಪಷ್ಟವಾಗಿ ತಿಳಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದ ಆ ಮಾತಿನಿಂದಲೇ ನನಗೆ ಉಳಿದ ಮಾತುಗಳ ಮೇಲೂ ನಂಬಿಕೆ ಬಂತು.

ಉಳಿದದ್ದು ಕಡಲಿನ ಆಹಾರದ ಪ್ರಶ್ನೆ. ಕುರ್‌ಆನಿನ ಐದನೆಯ ಅಧ್ಯಾಯದ 96ನೆಯ ವಚನ ಕಡಲಿನ ಬೇಟೆಯನ್ನು ಅನುಮತಿಸಿದೆ. ಮೀನಿಗೆ ಜಬೀಹದ, ಅಂದರೆ ಇಸ್ಲಾಮೀ ವಿಧಿಯಂತೆ ಕೊಯ್ಯುವುದರ, ಅಗತ್ಯವೂ ಇಲ್ಲ. ಆದರೂ ಉಳಿದ ಕಡಲಜೀವಿಗಳ ವಿಷಯದಲ್ಲಿ ಇಸ್ಲಾಮಿನ ಧರ್ಮಶಾಸ್ತ್ರದ ಪಂಥಗಳೆಲ್ಲ ಒಂದೇ ಅಲ್ಲ. ಮಂಗಳೂರಿನ ಬ್ಯಾರಿಗಳಾದ ನಾವು ಶಾಫಿ ಪಂಥದವರು, ಬೊಂಡಾಸ್ (ಸ್ಕ್ವಿಡ್), ಸಿಗಡಿ ಎರಡನ್ನೂ ಧಾರಾಳವಾಗಿ ತಿನ್ನುವವರು. ಮೈಸೂರಿನ ಬೀಗರು ಹನಫಿ ಪಂಥದವರು. ಅವರಲ್ಲಿ ಕಡಲಜೀವಿಗಳ ಪೈಕಿ ಮೀನು ಮಾತ್ರ ಸಲ್ಲುತ್ತದೆ, ಸಿಗಡಿಯನ್ನು ಮೀನೆಂದು ಎಣಿಸಬೇಕೋ ಬೇಡವೋ ಎಂಬಲ್ಲಿ ಉಲಮಾಗಳಲ್ಲೇ, ಅಂದರೆ ಧರ್ಮವಿದ್ವಾಂಸರಲ್ಲೇ, ಭಿನ್ನಾಭಿಪ್ರಾಯವಿದೆ. ಊಹಿಸುವುದಕ್ಕಿಂತ ಕೇಳುವುದೇ ಲೇಸೆಂದು ಹುಡುಗಿಯ ತಾಯಿಗೆ ಫೋನ್ ಮಾಡಿದೆ. "ನಾವು ತಿನ್ನುವುದಿಲ್ಲ ಬೇಟಾ, ನಿಮ್ಮ ಉಮ್ಮನಿಗೆ ಇಷ್ಟವಿದ್ದರೆ ಖಂಡಿತ ತರಿಸಿ," ಎಂದರು. ಉಮ್ಮನಿಗೆ ಹೇಳಿದಾಗ, ಎಲ್ಲರೂ ಹಂಚಿಕೊಳ್ಳಬಹುದಾದ ಅಂಜಲ್ ಮೀನು ಇರುವಾಗ ಸಿಗಡಿ ಏಕೆಂದರು.

ಆ ದಿನ ಬಿರಿಯಾನಿಯೂ ಅಂಜಲ್ ಫ್ರೈಯೂ ಬಂದಾಗ ಉಮ್ಮ ಎಂದಿನಂತೆ ನನ್ನತ್ತ ಒಮ್ಮೆ ನೋಡಿದರು. "ಅಡುಗೆಯವರನ್ನೇ ಕೇಳಿದ್ದೇನೆ ಉಮ್ಮಾ," ಎಂದೆ. ಅವರು ಬಿಸ್ಮಿಲ್ಲಾ ಹೇಳಿ, ಮೊದಲು ಬೀಗಿತ್ತಿಯ ತಟ್ಟೆಗೆ ಒಂದು ತುಂಡು ಮೀನು ಬಡಿಸಿದರು.