ಒಂದು ಡಬ್ಬಿ ಜೋನಿಬೆಲ್ಲ

ಅಕ್ಕ ಇಂಗ್ಲೆಂಡಿಗೆ ಬಂದು ಹತ್ತು ದಿನ ಆಗಿತ್ತು. ಲಂಡನ್ನಿನ ಅರಮನೆ, ಸೇತುವೆ, ದೊಡ್ಡ ಗಡಿಯಾರ ಎಲ್ಲ ಮುಗಿದಿತ್ತು. "ಒಂದು ದಿನ ನಾನು ಹೇಳಿದ ಕಡೆ ಬಾರೇ" ಅಂತ ವಾಟರ್ಲೂ ಸ್ಟೇಷನ್ನಿನಲ್ಲಿ ಆಲ್ಟನ್ ರೈಲು ಹತ್ತಿಸಿದೆ. ಅಲ್ಲಿಂದ ಚಾಟನ್ ಅನ್ನೋ ಹಳ್ಳಿಗೆ ನಡೆದೇ ಹೋಗಬಹುದು. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ 1809ರಿಂದ ಇದ್ದ ಮನೆ ಅಲ್ಲಿದೆ.

ಅಕ್ಕನಿಗೆ ಜೇನ್ ಆಸ್ಟಿನ್ ಯಾರು ಅಂತಲೇ ಗೊತ್ತಿಲ್ಲ. ಸಾಗರದ ಒಂದು ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದವಳು ಅವಳು. ರೈಲಿನಲ್ಲಿ ಒಂದು ಗಂಟೆಗೂ ಜಾಸ್ತಿ ಸಮಯ ಇತ್ತಲ್ಲ, ಜೇನ್ ಬರೆದ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಕಾದಂಬರಿಯ ಕಥೆ ಹೇಳಲು ಶುರು ಮಾಡಿದೆ. ಬಿ.ಎ. ಓದುವಾಗ ನಮಗೆ ಅದು ಪಠ್ಯ. ಮಳೆಯಲ್ಲಿ ಕಾಲು ಉಳುಕಿಸಿಕೊಂಡ ಮರಿಯಾನಳನ್ನು ವಿಲ್ಲೋಬಿ ಎತ್ತಿಕೊಂಡು ಬರುವ ಪುಟವನ್ನು ಎಷ್ಟು ಸಲ ಓದಿದ್ದೆನೋ ಲೆಕ್ಕ ಇಲ್ಲ. ನಾನೇ ಮರಿಯಾನ್ ಅಂದುಕೊಂಡಿದ್ದೆ. ಎಲ್ಲವನ್ನೂ ನುಂಗಿಕೊಂಡು ತೆಪ್ಪಗಿರುವ ಅವಳ ಅಕ್ಕ ಎಲಿನರ್ ನನಗೆ ಆಗ ಬರೀ ಬೋರು.

"ಅಪ್ಪ ತೀರಿಹೋಗ್ತಾನೆ, ಮನೆ, ಜಮೀನು ಎಲ್ಲ ಮೊದಲ ಹೆಂಡತಿ ಮಗನಿಗೆ ಹೋಗತ್ತೆ. ಎರಡನೇ ಹೆಂಡತಿ ಮತ್ತು ಮೂರು ಹೆಣ್ಣುಮಕ್ಕಳಿಗೆ ಸ್ವಲ್ಪ ದುಡ್ಡು ಸಿಗತ್ತೆ" ಅಂದೆ.

"ಸ್ವಲ್ಪ ಅಂದ್ರೆ ಎಷ್ಟು?"

ನನಗೆ ನೆನಪಿರಲಿಲ್ಲ. ನಿಜ ಹೇಳಬೇಕೆಂದರೆ ಆ ಅಂಕಿಗಳನ್ನು ನಾನು ಯಾವತ್ತೂ ಓದಿಯೇ ಇರಲಿಲ್ಲ, ಕಣ್ಣಾಡಿಸಿ ಮುಂದೆ ಹೋಗಿದ್ದೆ. ಬ್ಯಾಗಿನಿಂದ ಪುಸ್ತಕ ತೆಗೆದು ಹುಡುಕಿದೆ. ತಾಯಿಯ ಪಾಲಿಗೆ 7,000 ಪೌಂಡ್. ಮಕ್ಕಳಿಗೆ ತಲಾ 1,000. ವರ್ಷಕ್ಕೆ 500 ಬರತ್ತೆ ಅಂತ ಇದೆ.

"ಹತ್ತು ಸಾವಿರಕ್ಕೆ ಐನೂರು. ಐದು ಪರ್ಸೆಂಟ್" ಅಂದಳು ಅಕ್ಕ, ಕಿಟಕಿಯಿಂದ ಕಣ್ಣು ತೆಗೆಯದೆ. "ಆ ಅಣ್ಣ ಏನೂ ಕೊಡಲಿಲ್ವಾ?"

ಅಲ್ಲಿಗೆ ಎರಡನೇ ಅಧ್ಯಾಯ ಪೂರ್ತಿ ಕನ್ನಡದಲ್ಲಿ ಹೇಳಬೇಕಾಯಿತು. ಸಾಯುವ ಅಪ್ಪನಿಗೆ ಮಗ ಜಾನ್ ಮಾತು ಕೊಟ್ಟಿರುತ್ತಾನೆ. ತಂಗಿಯರಿಗೆ ತಲಾ ಸಾವಿರದಂತೆ 3,000 ಪೌಂಡ್ ಕೊಡೋಣ ಅಂದುಕೊಳ್ಳುತ್ತಾನೆ. ಹೆಂಡತಿ ಫ್ಯಾನಿ ಬಾಯಿ ತೆಗೆಯುತ್ತಾಳೆ. ನಮ್ಮ ಪಾಪು ಗತಿ ಏನು ಅನ್ನುತ್ತಾಳೆ. ಅದು 1,500ಕ್ಕೆ ಇಳಿಯುತ್ತದೆ. ಆಮೇಲೆ, ಅದೂ ಬೇಡ, ತಾಯಿಗೆ ವರ್ಷಕ್ಕೆ 100 ಪೌಂಡ್ ವರ್ಷಾಶನ. ಅಯ್ಯೋ, ವರ್ಷಾಶನ ಕೊಟ್ಟರೆ ಜನ ಸಾಯೋದೇ ಇಲ್ಲ ರೀ ಅನ್ನುತ್ತಾಳೆ ಫ್ಯಾನಿ. ಸರಿ, ಆಗಾಗ ಒಂದೈವತ್ತು ಪೌಂಡ್. ಕೊನೆಗೆ ಅದೂ ಹೋಗಿ, ಮನೆ ಸಾಮಾನು ಸಾಗಿಸಲು ಒಂದು ಕೈ, ಸೀಸನ್ನಿನಲ್ಲಿ ಒಂದಿಷ್ಟು ಮೀನು, ಬೇಟೆಯ ಮಾಂಸ.

ಅಕ್ಕ ರೈಲು ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಬರೆಯುತ್ತಿದ್ದಳು. 3,000. ಅದರ ಕೆಳಗೆ 1,500. ಅದರ ಕೆಳಗೆ 100, 50. ಕೊನೆಗೆ 'ಮೀನು' ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದಳು. ಲೆಡ್ಜರಿನಲ್ಲಿ ಟೋಟಲ್ ಹಾಕುವ ಹಾಗೆ.

ಅಲ್ಲಿಂದ ಮುಂದೆ ನಾನೂ ದುಡ್ಡಿನ ಪುಟಗಳನ್ನೇ ಹುಡುಕತೊಡಗಿದೆ. ಸುಖಕ್ಕೂ ಸಂಪತ್ತಿಗೂ ಏನು ಸಂಬಂಧ ಅಂತ ಕೇಳುವವಳು ಮರಿಯಾನ್. ವೈಭವಕ್ಕೆ ಸಂಬಂಧ ಇಲ್ಲ, ಆದರೆ ದುಡ್ಡಿಗೆ ಇದೆ ಅನ್ನುವವಳು ಎಲಿನರ್. ಹಾಗಾದರೆ ಬದುಕಲು ಎಷ್ಟು ಸಾಕು? ವರ್ಷಕ್ಕೆ 1,800, ಹೆಚ್ಚೆಂದರೆ 2,000 ಅನ್ನುತ್ತಾಳೆ ಮರಿಯಾನ್. ಎಲಿನರ್ ನಗುತ್ತಾಳೆ. ಅವಳ ಪ್ರಕಾರ 1,000 ಇದ್ದರೆ ಶ್ರೀಮಂತಿಕೆ.

"ದುಡ್ಡು ಬೇಡ ಅನ್ನೋಳಿಗೇ ಡಬಲ್ ಬೇಕು" ಅಂದಳು ಅಕ್ಕ. ನನ್ನ ಕೈಯಲ್ಲಿದ್ದ ಕಾಫಿ ಕಪ್ಪನ್ನು ಒಮ್ಮೆ ನೋಡಿದಳು. ಸ್ಟೇಷನ್ನಿನಲ್ಲಿ ಅದರ ಬೆಲೆಯನ್ನು ರೂಪಾಯಿಗೆ ಗುಣಿಸಿ ತಾನು ಬೇಡ ಅಂದಿದ್ದಳು.

ಮರಿಯಾನ್ ಪ್ರೀತಿಸಿದ ವಿಲ್ಲೋಬಿ ಅವಳನ್ನು ಬಿಟ್ಟು 50,000 ಪೌಂಡಿನ ಹುಡುಗಿಯನ್ನು ಮದುವೆಯಾದ ಅಂದಾಗ ಅಕ್ಕನಿಗೆ ಆಶ್ಚರ್ಯವೇ ಆಗಲಿಲ್ಲ. ಮರಿಯಾನ್ ಕೊನೆಗೆ ಮದುವೆಯಾಗುವ ಕರ್ನಲ್ ಬ್ರಾಂಡನ್ನನ ಆದಾಯ ವರ್ಷಕ್ಕೆ ಸರಿಯಾಗಿ 2,000. ಇಷ್ಟು ವರ್ಷ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ ನೋಡಿ. ಎಲಿನರ್ ಮೆಚ್ಚಿದ ಎಡ್ವರ್ಡ್‌ಗೆ ಬೇರೊಬ್ಬಳ ಜೊತೆ ಗುಟ್ಟಾಗಿ ಮದುವೆ ನಿಶ್ಚಯವಾಗಿರುತ್ತದೆ. ಆ ಹುಡುಗಿಯೇ ಬಂದು, ಯಾರಿಗೂ ಹೇಳಬೇಡ ಅಂತ ಎಲಿನರ್‌ಳಿಂದ ಆಣೆ ಹಾಕಿಸಿಕೊಳ್ಳುವುದೊಂದು ಬಾಕಿ ಅನ್ನುವ ಹಾಗೆ ಈ ಗುಟ್ಟು ಹೇಳಿಹೋಗುತ್ತಾಳೆ. ಎಲಿನರ್ ನಾಲ್ಕು ತಿಂಗಳು ಅದನ್ನು ಯಾರಿಗೂ ಹೇಳುವುದಿಲ್ಲ. ಪಕ್ಕದಲ್ಲೇ ಮರಿಯಾನ್ ವಿಲ್ಲೋಬಿಗಾಗಿ ಅತ್ತು ಕರೆದು ಊಟ ಬಿಟ್ಟಿರುತ್ತಾಳೆ.

"ಪಾಪ, ಹೇಳಿ ಏನು ಮಾಡೋದು" ಅಂದಳು ಅಕ್ಕ.

ಚಾಟನ್ ಮನೆ ಕೆಂಪು ಇಟ್ಟಿಗೆಯದು. ಜೇನ್ ಬರೆಯುತ್ತಿದ್ದ ಮೇಜು ಕಿಟಕಿಯ ಹತ್ತಿರ ಇದೆ. ಹನ್ನೆರಡು ಮೂಲೆಯ ಪುಟಾಣಿ ಮೇಜು, ಎರಡು ತಟ್ಟೆ ಇಟ್ಟರೆ ತುಂಬಿಹೋಗುತ್ತದೆ. ಜೇನ್‌ಳ ಅಪ್ಪ 1805ರಲ್ಲಿ ತೀರಿಕೊಂಡ ಮೇಲೆ ಅಮ್ಮ, ಅಕ್ಕ ಕಸಾಂಡ್ರಾ ಮತ್ತು ಜೇನ್ ಅಣ್ಣತಮ್ಮಂದಿರು ಕೊಟ್ಟ ದುಡ್ಡಿನಲ್ಲಿ ಊರೂರು ಅಲೆದರು. ಶ್ರೀಮಂತ ನೆಂಟರಿಗೆ ದತ್ತು ಹೋಗಿದ್ದ ಅಣ್ಣ ಎಡ್ವರ್ಡ್ ಕೊನೆಗೆ ಈ ಮನೆ ಕೊಟ್ಟ. "ಈ ಅಣ್ಣ ಪರವಾಗಿಲ್ಲ" ಅಂದ ಅಕ್ಕ, ಬೆರಳು ಮಡಚಿ, "ನಾಲ್ಕು ವರ್ಷ ತಗೊಂಡ" ಅಂತ ಸೇರಿಸಿದಳು. 1811ರಲ್ಲಿ ಈ ಕಾದಂಬರಿ ಅಚ್ಚಾದಾಗ ನಷ್ಟವಾದರೆ ತನ್ನದೇ ಅಂತ ಒಪ್ಪಿಕೊಂಡಿದ್ದಳು ಜೇನ್. ಬಂದ ಲಾಭ 140 ಪೌಂಡ್.

ಗಾಜಿನ ಪೆಟ್ಟಿಗೆಯಲ್ಲಿ ಪುಷ್ಯರಾಗದ ಎರಡು ಶಿಲುಬೆ ಇದ್ದವು. ನೌಕಾಪಡೆಯಲ್ಲಿದ್ದ ತಮ್ಮ ಚಾರ್ಲ್ಸ್, ಶತ್ರು ಹಡಗು ಹಿಡಿದ ಇನಾಮಿನ ದುಡ್ಡಿನಲ್ಲಿ ಇಬ್ಬರು ಅಕ್ಕಂದಿರಿಗೂ ಒಂದೊಂದು ಕೊಂಡಿದ್ದನಂತೆ. ಎರಡೂ ಒಂದೇ ಥರ ಇಲ್ಲ. ಅಕ್ಕ ಅದರ ಮುಂದೆ ಜಾಸ್ತಿ ಹೊತ್ತು ನಿಂತಳು.

ವಾಪಸ್ ನಡೆಯುವಾಗ ಸುಮ್ನೆ ಕೇಳಿದಳು, "ದೊಡ್ಡಪ್ಪನ ಜೋನಿಬೆಲ್ಲ ನೆನಪಿದ್ಯಾ?"

ನೆನಪಿಲ್ಲದೆ ಏನು. ಅಪ್ಪ ಹೋದಾಗ ನನಗೆ ಹದಿಮೂರು. ಅದಾದ ಮೇಲೆ ಪ್ರತಿ ವರ್ಷ ಆಲೆಮನೆ ಮುಗಿದ ಕೂಡಲೇ ದೊಡ್ಡಪ್ಪ ಒಂದು ಡಬ್ಬಿ ಜೋನಿಬೆಲ್ಲ ಕಳಿಸುತ್ತಿದ್ದರು. ದೋಸೆಗೆ ಸುರಿದುಕೊಂಡು ತಟ್ಟೆ ನೆಕ್ಕುತ್ತಿದ್ದೆ. ಎಷ್ಟು ಒಳ್ಳೆಯವರು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

"ವೈಕುಂಠ ಸಮಾರಾಧನೆ ದಿನ ಎಲ್ಲರೆದುರು ಒಂದೆಕರೆ ತೋಟ ನಿಮ್ಮ ಹೆಸರಿಗೆ ಅಂದಿದ್ರು. ಆಮೇಲೆ ಅರ್ಧ ಎಕರೆ ಆಯ್ತು. ಆಮೇಲೆ ವರ್ಷಕ್ಕೆ ಒಂದಿಷ್ಟು ಅಡಿಕೆ. ಆಮೇಲೆ ನಿನ್ನ ಕಾಲೇಜು ಫೀಸು ಮಾತ್ರ." ಅಷ್ಟು ಹೇಳಿ ನಿಲ್ಲಿಸಿದಳು. ಮುಂದಿನದು ಏನು ಅಂತ ನನಗೆ ಗೊತ್ತಾಗಿತ್ತು.

ಫೀಸು ಕಟ್ಟಿದ್ದು ಯಾರು ಅಂತ ಈಗ ಕೇಳಬೇಕಾಗಿರಲಿಲ್ಲ. ಆದರೂ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ರಸ್ತೆ ಮಧ್ಯೆಯೇ ನಿಂತು, "ಮೂವತ್ತು ವರ್ಷದಿಂದ ಒಂದು ಮಾತು ಹೇಳಲಿಲ್ವಲ್ಲೇ ನೀನು!" ಅಂತ ಕೂಗಿದೆ. ನಾಯಿ ಹಿಡಿದು ಬರುತ್ತಿದ್ದ ಒಬ್ಬ ಅಜ್ಜ ನಮ್ಮನ್ನೇ ನೋಡಿದ.

"ಹೇಳಿದ್ರೆ ನೀನು ಆ ಬೆಲ್ಲ ತಿಂತಿದ್ಯಾ?" ಅಂದಳು ಅಕ್ಕ. ನನ್ನ ಮೊಣಕೈ ಹಿಡಿದು ರಸ್ತೆಯ ಬದಿಗೆ ಎಳೆದಳು.

ಸ್ಟೇಷನ್ ಬರುವ ತನಕ ನಾನು ಮಾತಾಡಲಿಲ್ಲ. ರೈಲು ಹತ್ತಿ ಕೂತ ಮೇಲೆ ಅವಳೇ ನನ್ನ ಮಡಿಲಿನಿಂದ ಪುಸ್ತಕ ತಗೊಂಡು ಹಿಂದೆ ಮುಂದೆ ತಿರುಗಿಸಿದಳು.

"ಅಲ್ಲ ಕಣೇ, ಮೂರು ಜನ ಹುಡುಗಿಯರು ಅಂದ್ಯಲ್ಲ. ಆ ಚಿಕ್ಕವಳು ಏನಾದಳು?"

"ಮಾರ್ಗರೆಟ್ಟಾ? ಅವಳಿಗಿನ್ನೂ ಹದಿಮೂರು. ಕಥೆಯಲ್ಲಿ ಅವಳದ್ದು ಜಾಸ್ತಿ ಏನೂ ಬರಲ್ಲ."

"ಅವಳ ಸಾವಿರ ಪೌಂಡ್ ಹಾಗೇ ಇದೆ ತಾನೇ?" ಅಂದಳು ಅಕ್ಕ.