ಅಯ್ಯನಕೆರೆಯಿಂದ ಮಾರಿಕಣಿವೆಗೆ, ಬೇರೆ ಗಾಡಿಯ ಕ್ಲಚ್ ವೈರ್ ಹಾಕಿಕೊಂಡು

ಚಿಕ್ಕಮಗಳೂರು ಅಂದರೆ ಎಲ್ಲರೂ ಮುಳ್ಳಯ್ಯನಗಿರಿ ಕಡೆಗೇ ಗಾಡಿ ತಿರುಗಿಸುತ್ತಾರೆ. ವೀಕೆಂಡಲ್ಲಿ ಅಲ್ಲಿ ನಿಲ್ಲೋಕೂ ಜಾಗ ಇರುವುದಿಲ್ಲ. ನನಗೆ ಇದ್ದ ಆಸೆ ಬೇರೆ. ಬಾಬಾಬುಡನ್‌ಗಿರಿ ಸಾಲಲ್ಲಿ ವೇದಾ, ಆವತಿ ಅಂತ ಎರಡು ಹೊಳೆ ಹುಟ್ಟುತ್ತವೆ. ವೇದಾ ದಾರಿಯಲ್ಲಿ ಅಯ್ಯನಕೆರೆ ಇದೆ, ಆವತಿ ದಾರಿಯಲ್ಲಿ ಮದಗದ ಕೆರೆ. ಕಡೂರಿನ ಹತ್ತಿರ ಎರಡೂ ಸೇರಿ ವೇದಾವತಿ ಆಗುತ್ತವೆ, ಆ ನೀರು ಹೊಸದುರ್ಗದ ಕಡೆ ಹರಿದು ಮಾರಿಕಣಿವೆಯಲ್ಲಿ, ಅಂದರೆ ವಾಣಿವಿಲಾಸ ಸಾಗರದಲ್ಲಿ, ನಿಲ್ಲುತ್ತದೆ. ಆ ನೀರಿನ ಹಿಂದೆಯೇ ಬೈಕಲ್ಲಿ ಒಬ್ಬನೇ ಹೋಗಬೇಕು ಅನ್ನೋದು ಬಹಳ ದಿನದ ಆಸೆ.

ಸಖರಾಯಪಟ್ಟಣದಲ್ಲಿ ಹೈವೇ ಬಿಟ್ಟು ಒಳಗೆ ಹೋದರೆ ಅಯ್ಯನಕೆರೆ. ಹಿಂದೆ ಶಕುನಗಿರಿ ಬೆಟ್ಟ, ಮುಂದೆ ಕಣ್ಣು ಹಾಯುವಷ್ಟು ನೀರು. ಹೊಯ್ಸಳರ ಕಾಲದಲ್ಲೇ, 1156ರಲ್ಲಿ, ಒಮ್ಮೆ ದುರಸ್ತಿ ಆದ ಕೆರೆ ಇದು. ಅಂದರೆ ಅಷ್ಟು ಹೊತ್ತಿಗೇ ಹಳೆಯದಾಗಿತ್ತು! ಮಳೆ ಚೆನ್ನಾಗಿ ಆಗಿದ್ದರಿಂದ ಕೋಡಿ ಬಿದ್ದಿತ್ತು. ಫೋನಿನ ಮ್ಯಾಪ್ ಮಾತ್ರ ಆ ಕೋಡಿ ನೀರಿನ ಮೇಲೇ ನೇರ ಹೋಗು ಅಂತ ಹೇಳುತ್ತಿತ್ತು. ಕುರಿ ಮೇಯಿಸುತ್ತಿದ್ದ ಅಜ್ಜ ಕೋಲು ಅಡ್ಡ ಹಿಡಿದರು. "ಪಾಚಿ ಐತೆ, ಗಾಡಿ ಸಮೇತ ಕೆಳಿಕ್ಕೆ ಹೋಗ್ತೀಯ ಮಗ."

ಆಮೇಲೆ ಕತೆ ಶುರು ಮಾಡಿದರು. ಹಿಂದೆ ಗಂಗಮ್ಮ ಏರಿ ಒಡೆದು ಹೋಗ್ತೀನಿ ಅಂದಳಂತೆ. ದೊರೆಗೆ ಹೇಳಿ ವಾಪಸ್ ಬರೋ ತನಕ ತಡಿ ತಾಯಿ ಅಂತ ಕೆರೆ ನೀರು ನೋಡಿಕೊಳ್ಳೋ ನೀರಗಂಟಿ ಭಾಷೆ ತಗೊಂಡನಂತೆ. ತಾನು ವಾಪಸ್ ಬರದಿದ್ದರೆ ಗಂಗಮ್ಮ ಭಾಷೆ ಮೀರಿ ಹೋಗಲಾರಳು ಅಂತ, ಊರಿಗೆ ಹೋದವನು ಮತ್ತೆ ಬರಲೇ ಇಲ್ಲ, ತಲೆ ಕೊಟ್ಟ. ಇಂಥ ಕತೆ ಬೇರೆ ಊರಲ್ಲೂ ಕೇಳಿದ್ದೇನೆ, ಆದರೆ ಕೋಡಿಯ ಸದ್ದು ಕಿವಿಗೆ ಬೀಳುತ್ತಿರುವಾಗ ಕೇಳೋದೇ ಬೇರೆ ಬಿಡಿ.

ಮದಗದ ಕೆರೆ ಇನ್ನೂ ದೂರ ಇತ್ತು, ಕ್ಲಚ್ ಲಿವರ್ ಕೈಯಲ್ಲಿ ಸಡಿಲವಾಯಿತು. ಬಗ್ಗಿ ನೋಡಿದರೆ ವೈರಿನ ಎಳೆಗಳೆಲ್ಲ ಹರಿದು ಕೆದರಿಕೊಂಡಿವೆ, ಎರಡೇ ಎರಡು ಎಳೆ ಹಿಡಿದಿವೆ. ಮುಂದಿನ ಉಬ್ಬಿನಲ್ಲಿ ಅವೂ ಹೋದವು. ಕ್ಲಚ್ ಇಲ್ಲದೆ ಬೈಕ್ ಓಡಿಸಬಹುದು, ಗೊತ್ತಿರಲಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕಾಲಲ್ಲಿ ತಳ್ಳಿಕೊಂಡು ಸ್ವಲ್ಪ ವೇಗ ಬಂದ ಮೇಲೆ ಗೇರ್ ಒತ್ತಬೇಕು. ಗಾಡಿ ಒಮ್ಮೆ ಜಿಗಿಯುತ್ತದೆ, ಆಮೇಲೆ ಸರಿಹೋಗುತ್ತದೆ. ನಿಲ್ಲಿಸುವ ಹಾಗಿಲ್ಲ ಅಷ್ಟೇ. ಎದುರಿಗೆ ಎಮ್ಮೆ ಹಿಂಡು ಬಂದಾಗ ನಿಲ್ಲಿಸಲೇಬೇಕಾಯಿತು, ಮತ್ತೆ ಮೊದಲಿಂದ ತಳ್ಳಾಟ.

ಸಿಕ್ಕಿದ ಅಂಗಡಿಯಲ್ಲಿ ಬೋರ್‌ವೆಲ್ ಮೋಟಾರು, ಟಿಲ್ಲರು, ಬೈಕು ಎಲ್ಲ ಒಬ್ಬನೇ ಹುಡುಗ ರಿಪೇರಿ ಮಾಡುತ್ತಿದ್ದ. ನನ್ನ ಗಾಡಿಯ ವೈರ್ ಅವನ ಹತ್ತಿರ ಇರಲಿಲ್ಲ. ಬೇರೆ ಗಾಡಿಯದ್ದು, ಉದ್ದ ಜಾಸ್ತಿ ಇದ್ದದ್ದನ್ನು ಹೆಡ್‌ಲೈಟ್ ಮುಂದೆ ಕಮಾನು ಮಾಡಿ ಬಗ್ಗಿಸಿ, ತಂತಿಯಲ್ಲಿ ಬಿಗಿದ. ನೋಡೋಕೆ ಅಸಹ್ಯ, ಕೆಲಸ ಮಾತ್ರ ಚೊಕ್ಕ. ಇಷ್ಟರಲ್ಲಿ ಮಳೆ ಹಿಡಿಯಿತು, ಮದಗದ ಕೆರೆ ನೋಡಿದ್ದು ರೈನ್‌ಕೋಟಿನ ಟೋಪಿ ಸಂದಿಯಿಂದ.

ಹೊಸದುರ್ಗ ಮುಟ್ಟುವಾಗ ಕತ್ತಲಾಗಿತ್ತು. ನಿಜವಾದ ಫಜೀತಿ ಶುರುವಾಗಿದ್ದು ಅಲ್ಲಿ. "ಒಬ್ಬರಿಗೆ ರೂಮ್ ಕೊಡಲ್ಲ ಸಾರ್." ಕಾರಣ ಯಾರೂ ಬಾಯಿಬಿಟ್ಟು ಹೇಳಲ್ಲ, ಎಲ್ಲರಿಗೂ ಗೊತ್ತು: ಒಬ್ಬನೇ ಬಂದವನು ಒಳಗೆ ಏನಾದರೂ ಮಾಡಿಕೊಂಡರೆ ಪೊಲೀಸ್ ಸ್ಟೇಷನ್‌ಗೆ ಅಲೆಯೋರು ಯಾರು? ಒಬ್ಬನೇ ಓಡಾಡುವ ಖುಷಿ ಬಗ್ಗೆ ಬರೆಯುವವರು ಈ ಲಾಡ್ಜ್ ಪುರಾಣ ಯಾಕೋ ಬಿಟ್ಟುಬಿಡುತ್ತಾರೆ. ಕೊನೆಗೆ ಒಬ್ಬ ಮ್ಯಾನೇಜರ್ ಆಧಾರ್ ಕಾರ್ಡ್ ಎರಡು ಸಲ ತಿರುಗಿಸಿ ನೋಡಿ, ಮನೆ ನಂಬರ್ ಕೇಳಿ, ನನ್ನೆದುರೇ ಅಮ್ಮನಿಗೆ ಫೋನ್ ಹಚ್ಚಿದರು. ಆ ಹೊತ್ತಲ್ಲಿ ಗೊತ್ತಿಲ್ಲದ ನಂಬರಿಂದ "ನಿಮ್ಮ ಮಗ ಇಲ್ಲಿದ್ದಾನೆ" ಅಂತ ಕೇಳಿದರೆ ಯಾವ ತಾಯಿಗೆ ಎದೆ ಒಡೆಯಲ್ಲ! ಸಮಾಧಾನ ಆದ ಮೇಲೆ ಅಮ್ಮ ಕೇಳಿದ್ದು ಒಂದೇ: "ಊಟ ಮಾಡಿದ್ನಾ ನೋಡಿ ಸ್ವಲ್ಪ." ಮ್ಯಾನೇಜರ್ ಪಾಪ, ಮುಚ್ಚುತ್ತಿದ್ದ ಮೆಸ್ಸಿನಿಂದ ಚಿತ್ರಾನ್ನ ತರಿಸಿದರು.

ಮರುದಿನ ಮಾರಿಕಣಿವೆ. ಸುತ್ತ ಕುರುಚಲು ಗುಡ್ಡ, ಬಂಡೆ, ಗುಡ್ಡಗಳ ಮಧ್ಯದ ಸಂದಿಗೆ ಅಡ್ಡ ಕಟ್ಟಿದ ಕಲ್ಲಿನ ಗೋಡೆ. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಆವಾಗ ಇಡೀ ಜಿಲ್ಲೆಯೇ ನೋಡೋಕೆ ಬಂದಿತ್ತು ಅಂತ ಕಣಿವೆ ಮಾರಮ್ಮನ ಗುಡಿ ಹತ್ತಿರ ಮಂಡಕ್ಕಿ ಮಾರುವ ಅಕ್ಕ ಹೇಳಿದರು.

ನಾನು ಅಯ್ಯನಕೆರೆ ನೀರಿನ ಜೊತೆಗೇ ಬಂದೆ ಅಂತ ಜಂಬದಿಂದ ಹೇಳಿಕೊಂಡೆ. ಅಕ್ಕ ನಕ್ಕರು. "ಈಗ ಭದ್ರಾ ನೀರೂ ಬಿಡ್ತಾರಲ್ಲಪ್ಪ, ಯಾವ ನೀರು ಯಾವುದು ಅಂತ ಹೆಂಗೆ ಹೇಳ್ತೀಯ?" ಮಾತು ಸರಿಯೇ. ಭದ್ರೆಯನ್ನು ಪಂಪಲ್ಲಿ ಎತ್ತಿ, ಅಜ್ಜಂಪುರದ ಹತ್ತಿರ ಸುರಂಗದಲ್ಲಿ ದಾಟಿಸಿ ವೇದಾವತಿಗೆ ಸೇರಿಸುತ್ತಾರೆ. ಮುಂದಿನ ಸಲ ಆ ದಾರಿ ಹಿಡಿಯಬೇಕು. ಹಿರಿಯೂರಲ್ಲಿ ಸರಿಯಾದ ಕ್ಲಚ್ ವೈರ್ ಸಿಕ್ಕಿತು, ತಗೊಂಡು ಬ್ಯಾಗಲ್ಲಿ ಇಟ್ಟಿದ್ದೇನೆ. ಕಮಾನಿನದ್ದು ಇನ್ನೂ ಓಡುತ್ತಿದೆ.