ಅಷ್ಟು ಕಡಿಮೆ ಬಾಡಿಗೆಯ ಏರಿಯಾದಲ್ಲಿ ಹೇಗಿರ್ತೀರಾ?

ಹೊಸಬರು ಯಾರೇ ಸಿಗಲಿ, ಮಾತು ಸುತ್ತಿ ಬಳಸಿ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಕೆಲವರ ದನಿಯಲ್ಲಿ ಕನಿಕರ ಇರುತ್ತದೆ. ಕೆಲವರಿಗೆ ಸುಮ್ನೆ ಕುತೂಹಲ. ಇನ್ನು ಕೆಲವರು ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯದೆ, ತಾವೂ ಇಂಥ ಕಡೆ ಬಂದುಬಿಟ್ಟರೆ ಹೇಗೆ ಅಂತ ಲೆಕ್ಕ ಹಾಕುತ್ತಿರುವವರು. ಈ ಉತ್ತರ ಅವರಿಗೆ.

ಚೆನ್ನಾಗಿದ್ದೇನೆ. ಆದರೆ ಅಷ್ಟು ಹೇಳಿದರೆ ನಿಮಗೇನೂ ಉಪಯೋಗವಿಲ್ಲ. ಬಾಡಿಗೆ ಕಡಿಮೆ ಇದೆ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಯಾವ ಓನರೂ ಪುಣ್ಯಕ್ಕೆ ಮನೆ ಕೊಡುವುದಿಲ್ಲ. ನೀವು ದಿನಾ ಸಂಸಾರ ಮಾಡಬೇಕಾಗಿರುವುದು ಆ ಕಾರಣದ ಜೊತೆಗೆ. ಹಾಗಾಗಿ ಮನೆ ನೋಡಲು ಹೋದಾಗ ಬಾಡಿಗೆ ಎಷ್ಟು ಅಂತ ಕೇಳಿ ಖುಷಿಪಟ್ಟು ವಾಪಸ್ ಬರಬೇಡಿ, ಯಾಕೆ ಇಷ್ಟು ಕಡಿಮೆ ಅಂತ ಪತ್ತೆ ಹಚ್ಚಿ. ಓನರನ್ನು ಕೇಳಿದರೆ "ನಮಗೆ ಒಳ್ಳೇ ಜನ ಸಿಕ್ಕರೆ ಸಾಕು" ಅನ್ನುತ್ತಾರೆ. ಕೆಳಗಿನ ಮನೆಯವರನ್ನು ಕೇಳಿ, ನಿಜ ಗೊತ್ತಾಗುತ್ತದೆ.

ಕಾರಣ ಒಂದೊಂದು ಕಡೆ ಒಂದೊಂದು. ಕೊನೆಯ ಮಹಡಿ ಅಗ್ಗವಾಗಿ ಸಿಕ್ಕರೆ ಮೇಲಿನ ಸ್ಲ್ಯಾಬ್ ನೆನಪಿರಲಿ. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ಸಂಜೆ ಹೊರಗೆ ತಂಪಾದ ಮೇಲೆ ಆ ಬಿಸಿಯನ್ನು ನಿಧಾನಕ್ಕೆ ಮನೆಯೊಳಗೆ ಬಿಡುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕಿಂತ ರಾತ್ರಿಯೇ ಕಷ್ಟ. ಒಂದೇ ಕಡೆ ಕಿಟಕಿ ಇರುವ ಮನೆಯಾದರೆ ಗಾಳಿ ಒಳಗೆ ಬಂದು ಹೊರಗೆ ಹೋಗಲು ದಾರಿ ಇಲ್ಲ, ಅಡುಗೆ, ಸ್ನಾನ, ಒಗೆದ ಬಟ್ಟೆ ಎಲ್ಲದರ ತೇವ ತಣ್ಣನೆಯ ಗೋಡೆಯ ಮೇಲೆ ಕೂತು ಮೂಲೆಯಲ್ಲಿ ಕಪ್ಪಗೆ ಬೂಸ್ಟು ಹಿಡಿಯುತ್ತದೆ. ಹೊಸದಾಗಿ ಸುಣ್ಣ ಬಳಿದಿದ್ದರೆ ಕಾಣುವುದಿಲ್ಲ. ಬೀರು ಇಡುವ ಜಾಗದ ಗೋಡೆಗೆ ಅಂಗೈ ಒತ್ತಿ ನೋಡಿ. ಉಳಿದ ಗೋಡೆಗಿಂತ ತಣ್ಣಗೆ, ಒಂಥರಾ ಅಂಟಂಟು ಅನ್ನಿಸಿದರೆ ಅದೇ ಕಾರಣ.

ನನ್ನ ಮನೆಯ ಕಾರಣ ಸದ್ದು. ಒಂದು ಕಡೆ ದೊಡ್ಡ ರಸ್ತೆ, ಇನ್ನೊಂದು ಕಡೆ ತೆಳು ಗೋಡೆ. ರಸ್ತೆಯ ಸದ್ದು ಇಡೀ ದಿನದ ಸರಾಸರಿಯಲ್ಲಿ 53 ಡೆಸಿಬೆಲ್ (ಸದ್ದಿನ ಅಳತೆ) ಮೀರಬಾರದು, ರಾತ್ರಿ 45 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಸಲಹೆ ಕೊಟ್ಟಿತು. ನಮ್ಮ ಕಿಟಕಿಗೆ ಅದೆಲ್ಲ ಹೇಳಿದರೆ ನಗುತ್ತದೆ. ಡೆಸಿಬೆಲ್ ಲೆಕ್ಕವೂ ವಿಚಿತ್ರ, 10 ಜಾಸ್ತಿಯಾದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರಾಗಿ ಕೇಳುತ್ತದೆ. ಆದರೂ ರಸ್ತೆಗೆ ಒಗ್ಗಿಕೊಳ್ಳಬಹುದು, ಅದು ಒಂದೇ ಸಮನೆ ಇರುತ್ತದೆ. ಗೋಡೆಯಾಚೆಯ ಸದ್ದು ಹಾಗಲ್ಲ. ಪಕ್ಕದ ಮನೆಯ ಅಲಾರಾಂ ಬೆಳಗಿನ ಜಾವ ಹೊಡೆದುಕೊಳ್ಳುತ್ತದೆ, ಆ ಮನುಷ್ಯ ಆರಿಸುತ್ತಾನೆ, ಮತ್ತೆ ಹೊಡೆದುಕೊಳ್ಳುತ್ತದೆ, ಮತ್ತೆ ಆರಿಸುತ್ತಾನೆ, ಅಷ್ಟರಲ್ಲಿ ನಾನು ಎದ್ದು ಹಲ್ಲುಜ್ಜಿ ಆಗಿರುತ್ತದೆ. ಮೇಲಿನ ಮನೆಯಲ್ಲಿ ಕುರ್ಚಿ ಎಳೆದರೆ ಯಾವ ರೂಮಿನಿಂದ ಯಾವ ರೂಮಿಗೆ ಅಂತ ಹೇಳಬಲ್ಲೆ. ಅವರ ಜಗಳ ನಮಗೆ ಗೊತ್ತು, ನಮ್ಮ ಜಗಳ ಅವರಿಗೂ ಗೊತ್ತಿರಲೇಬೇಕು. ಮೆಟ್ಟಿಲಲ್ಲಿ ಎದುರಾದಾಗ ಇಬ್ಬರೂ ಏನೂ ಕೇಳಿಸದವರ ಹಾಗೆ ಹವಾಮಾನದ ಬಗ್ಗೆ ಮಾತಾಡುತ್ತೇವೆ. ಇದು ಇಲ್ಲಿನ ಮರ್ಯಾದೆ. ಯಾರೂ ಕಲಿಸಿದ್ದಲ್ಲ, ಎಲ್ಲರೂ ಪಾಲಿಸುತ್ತಾರೆ.

ಕೆಲವು ಕಡೆ ಕಾರಣ ಬರೀ ದೂರ. ಇಲ್ಲಿ ಲೆಕ್ಕ ತಪ್ಪುವವರೇ ಜಾಸ್ತಿ. ಸಂಬಳದಲ್ಲಿ ಶೇ. 30ಕ್ಕಿಂತ ಜಾಸ್ತಿ ಬಾಡಿಗೆಗೆ ಹೋಗಬಾರದು ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಯಾವ ಅರ್ಥಶಾಸ್ತ್ರದ ನಿಯಮವೂ ಅಲ್ಲ. ಅಮೆರಿಕದಲ್ಲಿ ಸರ್ಕಾರಿ ಮನೆಗಳ ಬಾಡಿಗೆಗೆ 1969ರಲ್ಲಿ ಆದಾಯದ ಶೇ. 25ರ ಮಿತಿ ಹಾಕಿದರು, 1981ರಲ್ಲಿ ಅದನ್ನೇ 30 ಮಾಡಿದರು. ಆ ಸಂಖ್ಯೆಯೇ ಜನರ ಬಾಯಲ್ಲಿ ಉಳಿದುಕೊಂಡಿತು. ಅದರಲ್ಲಿ ಓಡಾಟದ ಖರ್ಚು ಇಲ್ಲವೇ ಇಲ್ಲ. ಚಿಕಾಗೋದ ಒಂದು ಸಂಸ್ಥೆ ಬಾಡಿಗೆ, ಓಡಾಟ ಎರಡೂ ಸೇರಿ ಶೇ. 45ರೊಳಗೆ ಇರಬೇಕು ಅನ್ನುತ್ತದೆ. ನನಗೆ ಇದು ಹೆಚ್ಚು ಸರಿ ಅನ್ನಿಸುತ್ತದೆ. ಬಾಡಿಗೆಯಲ್ಲಿ ಉಳಿಸಿದ್ದನ್ನೆಲ್ಲ ಪೆಟ್ರೋಲಿಗೆ ಸುರಿಯುವುದಾದರೆ ಅಷ್ಟು ದೂರ ಹೋಗಿ ಏನು ಬಂತು? ಬಸ್ಸಿದೆ ಅಂತ ನಂಬಿ ಬರುವವರು ಬೆಳಗಿನ ಬಸ್ಸು ನೋಡುತ್ತಾರೆ, ರಾತ್ರಿಯ ಕೊನೇ ಬಸ್ಸು ನೋಡುವುದಿಲ್ಲ. ನಿಮ್ಮ ದಿನವನ್ನು ನಿಜಕ್ಕೂ ಕಟ್ಟಿಹಾಕುವುದು ಆ ಕೊನೇ ಬಸ್ಸೇ. ಊಟದ ಮಧ್ಯೆ ಎದ್ದು ಬರಬೇಕಾಗುತ್ತದೆ, ಸಿನಿಮಾದ ಕೊನೆ ಗೊತ್ತಾಗುವುದಿಲ್ಲ, ಗೆಳೆಯರು ಕರೆಯುವುದನ್ನೇ ನಿಲ್ಲಿಸುತ್ತಾರೆ.

ಇನ್ನು ಕೆಲವು ಏರಿಯಾಗಳಿಗೆ ಕಾರಣ ಹೆಸರು ಮಾತ್ರ. ಹಿಂದೆ ಯಾವಾಗಲೋ ಕೆಟ್ಟ ಹೆಸರು ಬಂದಿರುತ್ತದೆ, ಅದು ಹೋಗಿರುವುದಿಲ್ಲ. ನನ್ನ ಪ್ರಕಾರ ಅತಿ ಲಾಭದ ಕಾರಣ ಇದೇ, ಯಾಕೆಂದರೆ ಹೆಸರಿನಿಂದ ಗೋಡೆಗೆ ಬೂಸ್ಟು ಹಿಡಿಯುವುದಿಲ್ಲ. "ಅಲ್ಲಿ ಸೇಫಾ?" ಅಂತ ಕೇಳುವವರಿಗೆ ನಾನು ಹೇಳುವುದು: ರಾತ್ರಿ ಹತ್ತರ ಹೊತ್ತಿಗೆ ಒಮ್ಮೆ ನಡೆದು ನೋಡಿ. ಬೀದಿ ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರು, ಕಿಟಕಿಯಲ್ಲಿ ನಿಂತವರು, ಹೋಗಿಬರುವವರು ಅಂತ ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಬರೆದರು. ಆಕೆ ನ್ಯೂಯಾರ್ಕಿನ ತಮ್ಮ ಬೀದಿಯನ್ನೇ ನೋಡಿ ಹೇಳಿದ ಮಾತದು. ಅಂಗಡಿ ತೆರೆದಿದೆ, ಮೆಟ್ಟಿಲ ಮೇಲೆ ಯಾರೋ ಫೋನಿನಲ್ಲಿ ಮಾತಾಡುತ್ತಾ ಕೂತಿದ್ದಾರೆ, ಮಕ್ಕಳು ಇನ್ನೂ ಮನೆಗೆ ಹೋಗಿಲ್ಲ ಅಂದರೆ ನನಗೆ ಧೈರ್ಯ. ಎತ್ತರದ ಕಾಂಪೌಂಡುಗಳ ನಡುವಿನ ಖಾಲಿ ರಸ್ತೆಯಲ್ಲಿ ನಡೆಯುವಾಗಲೇ ನನಗೆ ಹೆದರಿಕೆ ಜಾಸ್ತಿ. ಆದರೆ ಇದಕ್ಕೂ ಬೆಲೆ ಇದೆ. ನಿಮ್ಮನ್ನು ಕಾಯುವ ಕಣ್ಣುಗಳೇ ನೀವು ಎಷ್ಟು ಹೊತ್ತಿಗೆ ಬಂದಿರಿ, ಜೊತೆಗೆ ಯಾರಿದ್ದರು ಅಂತಲೂ ನೋಡುತ್ತವೆ. ಒಂಟಿಯಾಗಿರುವ ಹೆಣ್ಣುಮಕ್ಕಳಿಗೆ ಇದು ಎಷ್ಟು ಕಿರಿಕಿರಿ ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ರಿಪೇರಿ ವಿಷಯ ಕೇಳಲೇಬೇಡಿ. ನಲ್ಲಿ ಸೋರುತ್ತಿದೆ ಅಂದರೆ ಓನರ್ "ನೋಡೋಣ" ಅನ್ನುತ್ತಾರೆ. ಕಡಿಮೆ ಬಾಡಿಗೆಯ ಮನೆಯಲ್ಲಿ ಜೋರಾಗಿ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ, ಎಲ್ಲಿ ಬಾಡಿಗೆ ಏರಿಸುತ್ತಾರೋ ಅಂತ. ಕೊನೆಗೆ ಪಕ್ಕದ ಮನೆಯವರೇ ಸ್ಪ್ಯಾನರ್ ಹಿಡಿದು ಬರುತ್ತಾರೆ. ಅಲಾರಾಂ ಆರಿಸುವ ಅದೇ ಮನುಷ್ಯ. ನನ್ನ ಮನೆಯ ಇನ್ನೊಂದು ಬೀಗದಕೈ ಅವರ ಮನೆಯ ಮೊಳೆಯಲ್ಲೇ ನೇತಾಡುತ್ತದೆ.

ಜನ ಕೇಳದೇ ಇರುವ ಒಂದು ವಿಷಯ ಇದೆ. ಆ ಕಾರಣ ಹೋಗಿಬಿಟ್ಟರೆ ಏನಾಗುತ್ತದೆ? ಮೆಟ್ರೋ ಬರುತ್ತದೆ, ದೂರ ಹತ್ತಿರವಾಗುತ್ತದೆ. ಕೆಟ್ಟ ಹೆಸರು ಮರೆತುಹೋಗುತ್ತದೆ. ನಾವೇ ಬೇಡಿಕೊಂಡ ಬೀದಿದೀಪ, ಫುಟ್‌ಪಾತ್ ಎಲ್ಲ ಬರುತ್ತದೆ, ಬಾಡಿಗೆಯೂ ಹಿಂದೆಯೇ ಏರುತ್ತದೆ. ದುಡಿಯುವ ಜನರಿದ್ದ ಲಂಡನ್ನಿನ ಬಡಾವಣೆಗಳಿಗೆ ಅನುಕೂಲಸ್ಥರು ಬಂದು, ಹಳೇ ಮನೆಗಳನ್ನು ಚಂದ ಮಾಡಿಕೊಂಡು, ಮೊದಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಬೇಕಾದದ್ದನ್ನು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲೇ ಗುರುತಿಸಿದ್ದರು. ಏರಿಯಾ ಸುಧಾರಿಸಲಿ ಅಂತಲೂ ಆಸೆ, ಜಾಸ್ತಿ ಸುಧಾರಿಸದಿರಲಿ ಅಂತಲೂ ಆಸೆ. ಹೇಳಿಕೊಳ್ಳಲು ನಾಚಿಕೆಯಾಗುವ ಆಸೆ ಇದು, ಆದರೆ ಬಾಡಿಗೆದಾರರಲ್ಲಿ ಇಲ್ಲದವರು ಕಡಿಮೆ.

ಹೀಗೇ ಆಗಬೇಕು ಅಂತೇನಿಲ್ಲ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ನಗರಪಾಲಿಕೆಯ ಕೈಯಲ್ಲೇ ಸುಮಾರು 2,20,000 ಮನೆಗಳಿವೆ. 1930ರಲ್ಲಿ ಉದ್ಘಾಟನೆಯಾದ ಅಲ್ಲಿನ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನುವ ವಸತಿ ಸಮುಚ್ಚಯ ಒಂದು ಕಿಲೋಮೀಟರಿಗಿಂತಲೂ ಉದ್ದ ಇದೆ, ಇವತ್ತಿಗೂ ಜನ ಅದರಲ್ಲಿ ಬಾಡಿಗೆಗಿದ್ದಾರೆ. ಸಿಂಗಾಪುರದಲ್ಲಿ ವಾಸಿಸುವ ಹತ್ತು ಜನರಲ್ಲಿ ಸುಮಾರು ಎಂಟು ಜನ 1960ರಲ್ಲಿ ಶುರುವಾದ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಮನೆಗಳಲ್ಲಿ ಇದ್ದಾರೆ, ಹೆಚ್ಚಿನವರು 99 ವರ್ಷದ ಲೀಸಿಗೆ ಕೊಂಡುಕೊಂಡು. ಅಲ್ಲಿ ಮೆಟ್ರೋ ಸ್ಟೇಷನ್ ಪಕ್ಕದಲ್ಲೂ ಇಂಥ ಮನೆಗಳಿವೆ. ಕೈಗೆಟುಕುವ ಮನೆ ಅಂದರೆ ಏನಾದರೂ ಕೊರತೆ ಇರಲೇಬೇಕು ಅನ್ನುವುದು ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ, ಯಾಕೆಂದರೆ ಬೆಲೆಯನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟಿಲ್ಲ. ನಮ್ಮಂಥವರಿಗೆ ಸಿಕ್ಕಿರುವುದು ಮಾರುಕಟ್ಟೆ ಸದ್ಯಕ್ಕೆ ಬೇಡ ಅಂತ ಬಿಟ್ಟ ಜಾಗ.

ಹಾಗಾದ್ರೆ ಬರಬಹುದಾ ಅಂದ್ರೆ, ಬನ್ನಿ. ಕಾರಣ ಗೊತ್ತಾಗಿ, ಅದರ ಜೊತೆ ನಿದ್ದೆ ಬರುತ್ತದೆ ಅಂತಾದರೆ ಬನ್ನಿ. ಸಹಿ ಹಾಕುವ ಮುಂಚೆ ಅಗ್ರಿಮೆಂಟಿನಲ್ಲಿ ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಖಾಲಿ ಮಾಡಿ ಅನ್ನಲು ಎಷ್ಟು ದಿನದ ನೋಟಿಸ್ ಕೊಡಬೇಕು, ಈ ಎರಡು ಸಾಲು ಹುಡುಕಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.